ಆರ್ಕೇಡ್ ಗೇಮ್‌ಗಳ ಚರಿತ್ರೆಗೆ ಚಿತ್ರಮಯ ಡೇಟಾಬೇಸ್ ಕಟ್ಟೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾಣ್ಯ ಹಾಕಿ ಆಡುವ ಹಳೇ ವಿಡಿಯೋ ಗೇಮ್ ಯಂತ್ರಗಳ ಚರಿತ್ರೆ ಕೂಡಿಡಬೇಕು, ಜನ ಅದನ್ನು ತಿರುಗಿಸಿ, ಹಿಗ್ಗಿಸಿ ನೋಡುವಂತಿರಬೇಕು ಎಂದು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಡೇಟಾಬೇಸ್ ಕೆಲಸ ಗೊತ್ತಿರುವವರಿಗೂ, ಗೇಮ್ ಹುಚ್ಚು ಮಾತ್ರ ಇರುವವರಿಗೂ ಸೇರಿಸಿ ಬರೆದಿದ್ದೇನೆ. ಕೆಲವು ಉತ್ತರ ಉದ್ದ, ಕೆಲವು ನಾಲ್ಕೇ ಸಾಲು.

ಹಳೇ ಆರ್ಕೇಡ್ ಯಂತ್ರಗಳನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಮೇಮ್ (MAME) ತಂತ್ರಾಂಶ ಇದೆಯಲ್ಲ, ಹಳೇ ಗೇಮ್ ಎಲ್ಲ ಅದರಲ್ಲಿ ಓಡುತ್ತವೆ. ಮತ್ತೆ ಇನ್ನೊಂದು ಡೇಟಾಬೇಸ್ ಯಾಕೆ?

ಮೇಮ್ ಮಾಡಿರುವ ಕೆಲಸಕ್ಕೆ ಕೈ ಮುಗಿಯಬೇಕು. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರವರಿಯಲ್ಲಿ ಅದರ ಮೊದಲ ಆವೃತ್ತಿ ಬಿಟ್ಟರು. 2016ರಿಂದ ಅದು ಪೂರ್ತಿ ಮುಕ್ತ ತಂತ್ರಾಂಶ. ಸಾವಿರಾರು ಗೇಮ್‌ಗಳ ಸರ್ಕ್ಯೂಟ್ ಬೋರ್ಡ್‌ಗಳು ಒಳಗೆ ಹೇಗೆ ಕೆಲಸ ಮಾಡುತ್ತವೆ ಅನ್ನೋದು ಅದರ ಕೋಡ್‌ನಲ್ಲೇ ದಾಖಲಾಗಿದೆ. ಆದರೆ ಮೇಮ್ ಮುಖ್ಯವಾಗಿ ಉಳಿಸುವುದು ಬೋರ್ಡ್‌ನ ನಡವಳಿಕೆಯನ್ನು. ಆ ಬೋರ್ಡ್ ಕೂತಿದ್ದ ಪೆಟ್ಟಿಗೆ, ಪಕ್ಕದ ಹಲಗೆಯ ಚಿತ್ರ, ಜಾಯ್‌ಸ್ಟಿಕ್‌ನ ಬಿಗಿ, ಅದನ್ನು ಮಾರಲು ಅಚ್ಚು ಹಾಕಿಸಿದ ಕರಪತ್ರ, ಅದು ನಿಂತಿದ್ದ ಅಂಗಡಿ, ಇವನ್ನೆಲ್ಲ ಹಿಡಿದಿಡುವುದು ಬೇರೆಯವರ ಪಾಲಿನ ಕೆಲಸ.

1972ರ ಪಾಂಗ್ ತಗೊಳ್ಳಿ. ಅಮೆರಿಕದ ಅಟಾರಿ ಕಂಪನಿಯಲ್ಲಿ ಆಲನ್ ಆಲ್ಕಾರ್ನ್ ಕಟ್ಟಿದ್ದು. ಅದರಲ್ಲಿ ಪ್ರೊಸೆಸರ್ ಇಲ್ಲ, ಪ್ರೋಗ್ರಾಂ ಇಲ್ಲ. ಚಿಕ್ಕ ಚಿಕ್ಕ ಲಾಜಿಕ್ ಚಿಪ್‌ಗಳನ್ನು ಒಂದಕ್ಕೊಂದು ಜೋಡಿಸಿದ್ದೇ ಗೇಮ್. ನಕಲು ತೆಗೆದಿಡೋಣ ಅಂದರೆ ರೋಮ್, ಅಂದರೆ ಪ್ರೋಗ್ರಾಂ ತುಂಬಿಟ್ಟ ಚಿಪ್, ಎಲ್ಲಿದೆ? ಅಲ್ಲಿ ಸರ್ಕ್ಯೂಟ್ ನಕ್ಷೆಯೇ ಮೂಲಪ್ರತಿ. ಮೇಮ್ ಕೂಡ ಪಾಂಗ್ ಅನ್ನು ಓಡಿಸುವುದು ಆ ಸರ್ಕ್ಯೂಟನ್ನೇ ಲೆಕ್ಕ ಹಾಕಿ. ನಿಮ್ಮ ಡೇಟಾಬೇಸ್‌ನಲ್ಲಿ ರೋಮ್ ಅನ್ನೋ ಕಾಲಂ ಕಡ್ಡಾಯ ಮಾಡಿದಿರೋ, ಈ ಚರಿತ್ರೆಯ ಮೊದಲ ಅಧ್ಯಾಯವೇ ಹೊರಗೆ ಉಳಿಯಿತು.

ಒಂದು ಗೇಮ್‌ಗೆ ಒಂದು ಸಾಲು ಸಾಕಲ್ವಾ?

ಸಾಲದು. ಹೆಚ್ಚಿನವರು ಎಡವುವುದು ಇಲ್ಲೇ. ಹೆಸರು, ಕಂಪನಿ, ವರ್ಷ, ಒಂದು ಚಿತ್ರ ಅಂತ ಎಕ್ಸೆಲ್ ಹಾಳೆ ಶುರುವಾಗುತ್ತದೆ. ನೂರು ಗೇಮ್ ತುಂಬುವ ಹೊತ್ತಿಗೆ ಅದು ಸುಳ್ಳು ಹೇಳೋಕೆ ಶುರು ಮಾಡಿರುತ್ತದೆ.

ಪ್ಯಾಕ್‌ಮ್ಯಾನ್ ನೋಡಿ. 1980ರಲ್ಲಿ ಜಪಾನಿನ ನಾಮ್ಕೊ ಕಂಪನಿಯಲ್ಲಿ ತೋರು ಇವಾತಾನಿ ರೂಪಿಸಿದ್ದು. ಜಪಾನಿನ ಯಂತ್ರದ ಮೇಲೆ ಇದ್ದ ಹೆಸರು ಪಕ್‌ಮ್ಯಾನ್. ಅಮೆರಿಕದಲ್ಲಿ ಮಿಡ್‌ವೇ ಕಂಪನಿ ಹೆಸರನ್ನೂ ಪೆಟ್ಟಿಗೆಯ ಚಿತ್ರವನ್ನೂ ಬದಲಿಸಿತು. ಅಲ್ಲಿಗೇ ಒಂದು ಕೃತಿ, ಎರಡು ಹೆಸರು, ಎರಡು ಪೆಟ್ಟಿಗೆ. ಆಮೇಲೆ ಜನರಲ್ ಕಂಪ್ಯೂಟರ್ ಕಾರ್ಪೊರೇಷನ್ ಅನ್ನೋ ಸಣ್ಣ ಕಂಪನಿ ಪ್ಯಾಕ್‌ಮ್ಯಾನ್ ಬೋರ್ಡ್‌ಗೆ ಸಿಕ್ಕಿಸುವ ಒಂದು ಹೆಚ್ಚುವರಿ ಬೋರ್ಡ್ ಮಾಡಿ ಕ್ರೇಜಿ ಓಟೊ ಅಂತ ಹೆಸರಿಟ್ಟಿತು. ಮಿಡ್‌ವೇ ಆ ಗೇಮನ್ನು ಕೊಂಡುಕೊಂಡು, 1982ರಲ್ಲಿ ಮಿಸ್ ಪ್ಯಾಕ್‌ಮ್ಯಾನ್ ಆಗಿ ಮಾರಿತು. ಈಗ ಹೇಳಿ, ಮಿಸ್ ಪ್ಯಾಕ್‌ಮ್ಯಾನ್ ಹೊಸ ಗೇಮೋ, ಹಳೇದರ ಆವೃತ್ತಿಯೋ, ಹಳೇ ಯಂತ್ರಕ್ಕೆ ಹಾಕುವ ಕಿಟ್ಟೋ? ಬೋರ್ಡ್ ಕೈಯಲ್ಲಿ ಹಿಡಿದವರಿಗೆ ಉತ್ತರ ಕಣ್ಣಿಗೇ ಕಾಣುತ್ತದೆ. ಕೆಳಗೆ ಪ್ಯಾಕ್‌ಮ್ಯಾನ್ ಬೋರ್ಡ್, ಅದರ ಪ್ರೊಸೆಸರ್ ಜಾಗದಲ್ಲಿ ಸಿಕ್ಕಿಸಿದ ಚಿಕ್ಕ ಬೋರ್ಡ್. ಒಂದೇ ಸಾಲಿನ ಪಟ್ಟಿಯಲ್ಲಿ ಇದನ್ನು ಹೇಳೋಕೆ ಜಾಗವೇ ಇಲ್ಲ.

ಡಾಂಕಿ ಕಾಂಗ್ ಇನ್ನೂ ಚೆನ್ನಾಗಿದೆ. ನಿಂಟೆಂಡೋ ಅಮೆರಿಕಕ್ಕೆ ತರಿಸಿದ ರಾಡಾರ್ ಸ್ಕೋಪ್ ಯಂತ್ರಗಳು ಮಾರಾಟವಾಗದೆ ಗೋಡೌನ್‌ನಲ್ಲಿ ಉಳಿದವು. ಅವೇ ಯಂತ್ರಗಳಿಗೆ ಹಾಕಲು ಶಿಗೆರು ಮಿಯಾಮೊಟೊ ಹೊಸ ಗೇಮ್ ರೂಪಿಸಿದರು. 1981ರಲ್ಲಿ ಅದು ಡಾಂಕಿ ಕಾಂಗ್ ಆಗಿ ಹೊರಬಂತು. ಅಮೆರಿಕದ ಮೊದಮೊದಲ ಡಾಂಕಿ ಕಾಂಗ್ ಪೆಟ್ಟಿಗೆಗಳು ಕೆಂಪು, ಯಾಕಂದ್ರೆ ಅವು ರಾಡಾರ್ ಸ್ಕೋಪ್ ಪೆಟ್ಟಿಗೆಗಳು. ಆಮೇಲೆ ಬಂದವು ನೀಲಿ. ಅಂದರೆ ಪೆಟ್ಟಿಗೆಯ ಬಣ್ಣ ಅಲಂಕಾರವಲ್ಲ, ಅದೊಂದು ಸಾಕ್ಷಿ.

ಹಾಗಾದ್ರೆ ಯಾವ ಯಾವ ಕೋಷ್ಟಕ ಬೇಕು? ನೇರವಾಗಿ ಹೇಳಿ.

ನಾನು ಹೀಗೆ ಬೇರ್ಪಡಿಸುತ್ತೇನೆ. ಕೃತಿ, ಅಂದರೆ ಜನ ಹೆಸರಿಟ್ಟು ಕರೆಯುವ ಗೇಮ್. ಆವೃತ್ತಿ, ಯಾವ ದೇಶಕ್ಕೆ, ಯಾವ ಕಂಪನಿ, ಯಾವ ಪರಿಷ್ಕರಣೆ. ಬೋರ್ಡ್, ಅದರ ಪ್ರೊಸೆಸರ್ ಮತ್ತು ಚಿಪ್‌ಗಳ ಸಮೇತ. ಕ್ಯಾಬಿನೆಟ್, ಅಂದರೆ ಪೆಟ್ಟಿಗೆಯ ಮಾದರಿ. ಕೊನೆಗೆ ಬಿಡಿ ಯಂತ್ರ, ಅಂದರೆ ಇಂಥ ಊರಿನ ಇಂಥ ಸಂಗ್ರಹದಲ್ಲಿ ಇವತ್ತು ನಿಂತಿರುವ ಆ ಒಂದು ಪೆಟ್ಟಿಗೆ. ಈ ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಆದರೆ ಫೋಟೋ ತೆಗೆಯುವುದು ಯಾವಾಗಲೂ ಒಂದು ಬಿಡಿ ಯಂತ್ರದ್ದೇ ಅಲ್ವಾ? ಯಾರೋ ಮೂವತ್ತು ವರ್ಷದ ಹಿಂದೆ ಬಟನ್ ಬದಲಿಸಿರಬಹುದು, ಬೇರೆ ಮಾನಿಟರ್ ಹಾಕಿರಬಹುದು. ಆ ಫೋಟೋವನ್ನು ತಂದು ಕೃತಿಗೆ ಅಂಟಿಸಿದರೆ, ಆ ರಿಪೇರಿಯೇ ಮೂಲ ವಿನ್ಯಾಸ ಅಂತ ನೋಡುಗರು ನಂಬುತ್ತಾರೆ.

ಇವುಗಳ ಜೊತೆ ಜನ ಮತ್ತು ಸಂಸ್ಥೆ, ಸ್ಥಳ, ದಾಖಲೆ, ಹೇಳಿಕೆ ಅನ್ನೋ ನಾಲ್ಕು ಕೋಷ್ಟಕ ಬೇಕು. ಸಂಬಂಧಗಳಿಗೆ ಸುಮ್ನೆ "ಸಂಬಂಧಿಸಿದೆ" ಅಂತ ಹಾಕಬೇಡಿ. "ಇದರ ಮೇಲೆ ಕಟ್ಟಿದ್ದು", "ಇದರ ಅಕ್ರಮ ನಕಲು", "ಇದರ ಪೆಟ್ಟಿಗೆ ಮರುಬಳಕೆ" ಅಂತ ಬಿಡಿಸಿ ಹೇಳಿ. ಚಿತ್ರಮಯ ನಕ್ಷೆ ಬಿಡಿಸುವಾಗ ಗೆರೆಗಳಿಗೆ ಅರ್ಥ ಬರುವುದು ಇದರಿಂದಲೇ.

"ಹೇಳಿಕೆ" ಕೋಷ್ಟಕ ಅಂದ್ರೇನು?

ಯಾರು, ಎಲ್ಲಿ, ಏನು ಹೇಳಿದರು, ಅದನ್ನು ಎಷ್ಟು ನಂಬಬಹುದು ಅನ್ನೋದರ ದಾಖಲೆ. ಡೇಟಾಬೇಸ್‌ನ ಯಾವ ಮಾಹಿತಿಯೂ ಗಾಳಿಯಲ್ಲಿ ತೇಲಬಾರದು, ಪ್ರತಿಯೊಂದೂ ಒಂದು ಹೇಳಿಕೆಗೆ ಕಟ್ಟಿರಬೇಕು. ನನ್ನ ಕೇಳಿದರೆ ಇಡೀ ವಿನ್ಯಾಸದ ಜೀವ ಇದೇ.

ಯಾಕೆ ಅಂತ ತಿಳಿಯಲು ಪಾಲಿಬಿಯಸ್ ಕಥೆ ಸಾಕು. 1981ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಆರ್ಕೇಡ್ ಅಂಗಡಿಗಳಲ್ಲಿ ಒಂದು ಕಪ್ಪು ಯಂತ್ರ ಬಂತು, ಆಡಿದವರಿಗೆ ತಲೆ ಕೆಟ್ಟಿತು, ಕಪ್ಪು ಕೋಟಿನವರು ಬಂದು ಲೆಕ್ಕ ತಗೊಂಡು ಹೋದರು ಅನ್ನೋ ಕಥೆ. ಅಂಥ ಯಂತ್ರ ಇದ್ದದ್ದಕ್ಕೆ ಒಂದೂ ಪುರಾವೆ ಇಲ್ಲ. ತಮಾಷೆ ಏನಂದ್ರೆ, ಈ ಕಥೆ ಮೊದಲು ಕಾಣಿಸಿಕೊಂಡದ್ದೇ ಆರ್ಕೇಡ್ ಗೇಮ್‌ಗಳ ಒಂದು ಆನ್‌ಲೈನ್ ಪಟ್ಟಿಯ ನಮೂದಿನಲ್ಲಿ. 2003ರಲ್ಲಿ ಒಂದು ಗೇಮ್ ಪತ್ರಿಕೆಯಲ್ಲಿ ಅಚ್ಚಾಯಿತು, ಆಮೇಲೆ ಹಿಡಿಯುವವರೇ ಇಲ್ಲ. ಹಾಗಂತ ಅಂಥದ್ದನ್ನು ಅಳಿಸಬೇಕಾಗಿಲ್ಲ. "ವದಂತಿ" ಅನ್ನೋ ಗುರುತಿನೊಂದಿಗೆ, ಅದು ಹಬ್ಬಿದ ದಾರಿ ಸಮೇತ ಇಡಿ. ವದಂತಿಗೂ ಚರಿತ್ರೆ ಇದೆ.

ಇನ್ನೊಂದು, ಸ್ಪೇಸ್ ಇನ್ವೇಡರ್ಸ್ ಗೇಮ್‌ನಿಂದ ಜಪಾನಿನಲ್ಲಿ 100 ಯೆನ್ ನಾಣ್ಯಕ್ಕೇ ಬರ ಬಂತು ಅನ್ನೋ ಮಾತು. ಎಲ್ಲರೂ ಬರೆಯುತ್ತಾರೆ. ಆದರೆ 1978 ಮತ್ತು 1979ರಲ್ಲಿ ಆ ನಾಣ್ಯ ಟಂಕಿಸಿದ್ದು ಹಿಂದಿನ ವರ್ಷಗಳಿಗಿಂತ ಕಡಿಮೆಯೇ. ಬರ ಬಂದಿದ್ದರೆ ಹೆಚ್ಚು ಟಂಕಿಸಬೇಕಿತ್ತಲ್ಲ. ಎರಡೂ ಹೇಳಿಕೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಓದುಗರಿಗೇ ತಿಳಿಯುತ್ತದೆ.

ವರ್ಷ ಬರೆಯೋದರಲ್ಲಿ ಏನು ಕಷ್ಟ?

ಯಾವ ವರ್ಷ ಅನ್ನೋದೇ ಕಷ್ಟ. ಪ್ಯಾಕ್‌ಮ್ಯಾನ್ 1980ರ ಮೇ 22ರಂದು ಟೋಕಿಯೊದ ಶಿಬುಯಾದಲ್ಲಿ ಪರೀಕ್ಷೆಗೆ ಇಳಿಯಿತು. ಅಂಗಡಿಗಳಿಗೆ ಬಂದದ್ದು ಅದಾದ ಮೇಲೆ, ಅಮೆರಿಕಕ್ಕೆ ಇನ್ನೂ ತಡವಾಗಿ. ಪರದೆಯ ಮೇಲಿನ ವರ್ಷ ಒಂದು, ಕರಪತ್ರದ ವರ್ಷ ಇನ್ನೊಂದು ಇರುವ ಗೇಮ್‌ಗಳೂ ಸಿಗುತ್ತವೆ. ಅದಕ್ಕೇ ದಿನಾಂಕದ ಜೊತೆ ಅದು ಯಾವ ಬಗೆಯ ದಿನಾಂಕ ಅಂತಲೂ ಬರೆಯಿರಿ: ಪರೀಕ್ಷೆ, ಮೇಳದಲ್ಲಿ ಪ್ರದರ್ಶನ, ಮಾರಾಟ, ಪರದೆಯ ಮೇಲಿನ ವರ್ಷ. ಸರಿಯಾಗಿ ಗೊತ್ತಿಲ್ಲದಿದ್ದರೆ ಜನವರಿ 1 ಅಂತ ತುಂಬಿಸಬೇಡಿ, ದಯವಿಟ್ಟು. ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8601ರ 2019ರ ಎರಡನೇ ಭಾಗದಲ್ಲಿ ಇದಕ್ಕೆ ಕ್ರಮ ಇದೆ. 1980~ ಅಂದರೆ ಸುಮಾರು, 1980? ಅಂದರೆ ಅನುಮಾನ.

"ಚಿತ್ರಮಯ" ಅಂದ್ರೆ ಫೋಟೋ ಗ್ಯಾಲರಿ ತಾನೇ?

ಗ್ಯಾಲರಿ ಅದರ ಅತಿ ಚಿಕ್ಕ ಭಾಗ. ಸ್ಪೇಸ್ ಇನ್ವೇಡರ್ಸ್‌ನ ನಿಂತು ಆಡುವ ಪೆಟ್ಟಿಗೆಯನ್ನು ಹತ್ತಿರದಿಂದ ನೋಡೋಣ. 1978ರಲ್ಲಿ ತೈತೊ ಕಂಪನಿಯ ತೊಮೊಹಿರೊ ನಿಶಿಕಾಡೊ ಮಾಡಿದ ಗೇಮ್. ಅಮೆರಿಕದ ಮಿಡ್‌ವೇ ಪೆಟ್ಟಿಗೆಯಲ್ಲಿ ಆಟಗಾರ ಮಾನಿಟರನ್ನು ನೇರವಾಗಿ ನೋಡುವುದೇ ಇಲ್ಲ. ಮಾನಿಟರ್ ಕೆಳಗೆ ಮಲಗಿರುತ್ತದೆ, ಮೇಲೆ ಓರೆಯಾಗಿ ಒಂದು ಅರೆಪಾರದರ್ಶಕ ಕನ್ನಡಿ. ಕನ್ನಡಿಯ ಹಿಂದೆ ಚಂದ್ರನ ನೆಲದ ಬಣ್ಣದ ಚಿತ್ರ. ಎರಡೂ ಸೇರಿ ಶತ್ರುಗಳು ಚಂದ್ರನ ಮೇಲೆ ತೇಲುತ್ತಿರುವಂತೆ ಕಾಣುತ್ತದೆ. ಮಾನಿಟರ್ ಕಪ್ಪುಬಿಳುಪು. ಬಣ್ಣ ಬಂದದ್ದು ಬಣ್ಣದ ಪಾರದರ್ಶಕ ಪಟ್ಟಿಗಳಿಂದ, ಕೆಳಗಡೆ ಹಸಿರು, ಮೇಲುಗಡೆ ಕಿತ್ತಳೆಗೆಂಪು.

ಇದನ್ನು ಒಂದು ಫೋಟೋದಲ್ಲಿ ಹೇಳೋಕೆ ಆಗುತ್ತಾ? ಆಗಲ್ಲ. ಇಲ್ಲಿ ಬೇಕಾದದ್ದು ಪದರ ಪದರವಾಗಿ ಬಿಚ್ಚುವ ಚಿತ್ರ. ಮಾನಿಟರ್ ಮಾತ್ರ, ಅದರ ಮೇಲೆ ಬಣ್ಣದ ಪಟ್ಟಿ, ಆಮೇಲೆ ಕನ್ನಡಿ, ಆಮೇಲೆ ಚಂದ್ರ. ಒಂದೊಂದು ಪದರವನ್ನೂ ನೋಡುಗರು ಆನ್ ಮಾಡಬಹುದು, ಆಫ್ ಮಾಡಬಹುದು. ಪಕ್ಕದಲ್ಲಿ ಪೆಟ್ಟಿಗೆಯನ್ನು ಅಡ್ಡ ಕೊಯ್ದ ನಕ್ಷೆ. ಇನ್ನೊಂದು ಸ್ಲೈಡರ್‌ನಲ್ಲಿ ಶತ್ರುಗಳ ಸಂಖ್ಯೆ ಇಳಿಸಿದರೆ ಅವು ಓಡುವ ವೇಗ ಏರುವುದನ್ನು ತೋರಿಸಬಹುದು. ಅದು ಪ್ರೊಸೆಸರ್ ಮಿತಿಯಿಂದ ಬಂದ ಗುಣ. ಕಡಿಮೆ ಶತ್ರುಗಳಿದ್ದಷ್ಟೂ ಚಲಿಸಬೇಕಾದದ್ದು ಕಡಿಮೆ, ಸುತ್ತು ಬೇಗ ಮುಗಿಯುತ್ತದೆ. ಇಂಟರಾಕ್ಟಿವ್ ಅನ್ನೋದು ಇಂಥ ಕಡೆ ಸಾರ್ಥಕ. ಸುಮ್ನೆ ಮೌಸ್ ಇಟ್ಟರೆ ಚಿತ್ರ ಕುಣಿಯುವುದಕ್ಕೆ ಆ ಮಾತು ಬೇಡ.

ಮುಖಪುಟದಲ್ಲಿ ಎಲ್ಲ ಗೇಮ್‌ಗಳ ಸಂಬಂಧದ ದೊಡ್ಡ ಜಾಲ ತೋರಿಸಿದರೆ ಚೆನ್ನಾಗಿರುತ್ತಲ್ವಾ?

ನೋಡೋಕೆ ಚೆಂದ, ಓದೋಕೆ ಆಗಲ್ಲ. ಐನೂರು ಚುಕ್ಕೆ, ಸಾವಿರ ಗೆರೆ ಬಂದರೆ ಅದು ಸಿಕ್ಕುಗಟ್ಟಿದ ದಾರದ ಉಂಡೆ. ನೋಡುಗರು ಆರಿಸಿದ ಒಂದು ಗೇಮ್, ಅದರಿಂದ ಒಂದೇ ಹೆಜ್ಜೆ ದೂರದ ಸಂಬಂಧಗಳು, ಅಷ್ಟು ಸಾಕು. ಅಲ್ಲಿಂದ ಮುಂದಕ್ಕೆ ಅವರೇ ಒತ್ತಿಕೊಂಡು ಹೋಗಲಿ. ಮುಖಪುಟಕ್ಕೆ ಕಾಲಪಟ್ಟಿಯೇ ಸರಿ. ಅದನ್ನೂ ಕಂಪನಿವಾರು ಮಾಡುವ ಬದಲು ಬೋರ್ಡ್‌ವಾರು ಮಾಡಿ ನೋಡಿ. ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ಸಿಪಿಎಸ್-1 ಬೋರ್ಡ್‌ನ ಸಾಲಿನಲ್ಲಿ 1989ರ ಫೈನಲ್ ಫೈಟ್, 1991ರ ಸ್ಟ್ರೀಟ್ ಫೈಟರ್ 2 ಪಕ್ಕಪಕ್ಕ ಕೂತಾಗ, ಒಂದೇ ಯಂತ್ರದಿಂದ ಏನೇನು ಹಿಂಡಿ ತೆಗೆದರು ಅನ್ನೋದು ಕಣ್ಣಿಗೇ ಕಾಣುತ್ತದೆ.

ಸ್ಕ್ರೀನ್‌ಶಾಟ್ ತೆಗೆಯುವಾಗ ಏನು ಗಮನಿಸಬೇಕು?

ಚೌಕದ ಅಳತೆ. ಸ್ಟ್ರೀಟ್ ಫೈಟರ್ 2ರ ಚಿತ್ರ ಬೋರ್ಡ್‌ನಿಂದ ಹೊರಡುವಾಗ 384 ಚುಕ್ಕೆ (ಪಿಕ್ಸೆಲ್) ಅಡ್ಡ, 224 ಉದ್ದ. ಆದರೆ ಅದು ಕಾಣಿಸುತ್ತಿದ್ದುದು 4:3 ಟಿವಿ ಗಾಜಿನ ಮೇಲೆ. ಕಚ್ಚಾ ಚಿತ್ರವನ್ನು ಹಾಗೇ ಹಾಕಿದರೆ ಅದರ ಹೋರಾಟಗಾರ ರ್ಯು ಪಕ್ಕಕ್ಕೆ ಊದಿಕೊಂಡಿರುತ್ತಾನೆ. ಕಡತದಲ್ಲಿ ಕಚ್ಚಾ ಚಿತ್ರವನ್ನೇ ಪಿಎನ್‌ಜಿ ಆಗಿ ಇಡಿ, ತೋರಿಸುವಾಗ ಮಾತ್ರ ಅಳತೆ ಸರಿಪಡಿಸಿ. ಜೆಪೆಗ್ ಬೇಡ, ಅಂಚುಗಳು ಕಲಸಿಹೋಗುತ್ತವೆ. ಪ್ಯಾಕ್‌ಮ್ಯಾನ್‌ನಂಥವುಗಳಲ್ಲಿ ಮಾನಿಟರನ್ನು ಎದ್ದು ನಿಲ್ಲಿಸಿರುತ್ತಾರೆ, ಅದು 224 ಅಡ್ಡ, 288 ಉದ್ದ. ಹಾಗಾಗಿ ಎಲ್ಲ ಚಿತ್ರಕ್ಕೂ ಒಂದೇ ಅಳತೆಯ ಚೌಕಟ್ಟು ಹಾಕಿ ಕತ್ತರಿಸಬೇಡಿ.

1979ರ ಆಸ್ಟರಾಯ್ಡ್ಸ್‌ನಂಥ ವೆಕ್ಟರ್ ಗೇಮ್‌ಗಳಲ್ಲಿ ಚುಕ್ಕೆಗಳೇ ಇಲ್ಲ. ಎಲೆಕ್ಟ್ರಾನ್ ಕಿರಣ ನೇರವಾಗಿ ಗೆರೆ ಎಳೆಯುತ್ತದೆ, ಗುಂಡು ಬೆಂಕಿಯ ಕಿಡಿಯಂತೆ ಉಳಿದ ಗೆರೆಗಳಿಗಿಂತ ಜೋರಾಗಿ ಹೊಳೆಯುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಆ ಹೊಳಪು ಸತ್ತುಹೋಗುತ್ತದೆ. ಅಂಥ ಕಡೆ ನಿಜವಾದ ಗಾಜನ್ನೇ ಕ್ಯಾಮೆರಾದಲ್ಲಿ ಹಿಡಿದ ಫೋಟೋ ಮತ್ತು ವಿಡಿಯೋ ಬೇಕು.

ಬೋರ್ಡ್ ಮತ್ತು ಕಾಗದಪತ್ರ ದಾಖಲಿಸುವಾಗ?

ಬೋರ್ಡನ್ನು ಮುಟ್ಟುವ ಮೊದಲು ಎರಡೂ ಬದಿ ಫೋಟೋ ತೆಗೆಯಿರಿ. ಚಿಪ್‌ಗಳ ಮೇಲಿನ ಸ್ಟಿಕ್ಕರ್ ಕೀಳಬೇಡಿ. ಅದರ ಮೇಲೆ ಆವೃತ್ತಿ ಬರೆದಿರುತ್ತದೆ, ಜೊತೆಗೆ ಪ್ರೋಗ್ರಾಂ ತುಂಬಿದ ಈಪ್ರಾಮ್ ಚಿಪ್‌ನ ಕಿಟಕಿಗೆ ಬೆಳಕು ಬೀಳದಂತೆ ಕಾಯುತ್ತಿರುತ್ತದೆ. ಅತಿನೇರಳೆ ಬೆಳಕು ಬಿದ್ದರೆ ಒಳಗಿನದು ಅಳಿಸಿಹೋಗುತ್ತದೆ. ಕರಪತ್ರ, ಕೈಪಿಡಿ, ಸರ್ಕ್ಯೂಟ್ ನಕ್ಷೆಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಟಿಫ್ ಆಗಿ ಇಡಿ. ತೋರಿಸಲು ತುಂಡು ತುಂಡಾಗಿ ಹಿಗ್ಗುವ ಚಿತ್ರ ಬೇಕು. ಅದಕ್ಕೆ ಗ್ರಂಥಾಲಯ, ಮ್ಯೂಸಿಯಂಗಳು ಬಳಸುವ ಟ್ರಿಪಲ್ ಐಎಫ್ ಪದ್ಧತಿಯೂ, ಓಪನ್‌ಸೀಡ್ರ್ಯಾಗನ್ ಎಂಬ ಉಚಿತ ತಂತ್ರಾಂಶವೂ ಇವೆ.

ಹಳೇ ಫೋಟೋ ಮಸುಕಾಗಿವೆ. ಎಐ ಹಾಕಿ ಚೊಕ್ಕ ಮಾಡಲಾ?

ಬೇಡ. ಮಸುಕಾದ ಲೇಬಲ್‌ನಲ್ಲಿ ಇಲ್ಲದ ಅಕ್ಷರವನ್ನು ಅದು ಬರೆದುಬಿಡುತ್ತದೆ. ನಾಳೆ ಯಾರೋ ಅದನ್ನೇ ಸಾಕ್ಷಿ ಅನ್ನುತ್ತಾರೆ.

ರೋಮ್ ಫೈಲ್‌ಗಳನ್ನೂ ಸೈಟ್‌ನಲ್ಲಿ ಹಾಕಬಹುದಾ?

ಹಕ್ಕುದಾರರ ಅನುಮತಿ ಇಲ್ಲದೆ ಹಾಕಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೂ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೇ ಬರುತ್ತದೆ. ಕಂಪನಿ ಮುಚ್ಚಿತು, ಗೇಮ್ ಮಾರಾಟದಲ್ಲಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಫೈಲ್‌ನ ಬದಲು ಅದರ ಎಸ್‌ಎಚ್‌ಎ-1 ಗುರುತು, ಅಂದರೆ ಫೈಲ್‌ನಿಂದ ಲೆಕ್ಕ ಹಾಕಿ ಪಡೆದ ಬೆರಳಚ್ಚಿನಂಥ ಸಂಖ್ಯೆ, ಇಡಿ. ಯಾರ ಬಳಿಯಾದರೂ ಚಿಪ್ ಇದ್ದರೆ, ಅದರಲ್ಲಿರುವುದು ಯಾವ ಆವೃತ್ತಿ ಅಂತ ತಾಳೆ ನೋಡಲು ಅಷ್ಟು ಸಾಕು. ಮೇಮ್ ಕೂಡ ಮಾಡುವುದು ಇದನ್ನೇ.

ಇದು ಸಂರಕ್ಷಣೆಗೆ ತೊಡಕು ಅನ್ನೋದು ನಿಜ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರ ಅಧ್ಯಯನದಲ್ಲಿ ಕಂಡುಕೊಂಡಂತೆ, ಅಲ್ಲಿ 2010ಕ್ಕೆ ಮೊದಲು ಬಂದ ಗೇಮ್‌ಗಳಲ್ಲಿ 87% ಇವತ್ತು ಮಾರಾಟದಲ್ಲೇ ಇಲ್ಲ. ಆದರೂ ಸಂಶೋಧಕರಿಗೆ ದೂರದಿಂದ ಆಡಿ ನೋಡಲು ಬಿಡಬೇಕೆಂಬ ಕೋರಿಕೆಯನ್ನು 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಒಪ್ಪಲಿಲ್ಲ. ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯ 2014ರಿಂದ ನೂರಾರು ಆರ್ಕೇಡ್ ಗೇಮ್‌ಗಳನ್ನು ಬ್ರೌಸರ್‌ನಲ್ಲೇ ಆಡಿಸುತ್ತಿದೆ. ನೀವು ಬೇಕಾದರೆ ಅಲ್ಲಿಗೆ ಕೊಂಡಿ ಕೊಡಿ.

ಅವಸರ ಏನಿದೆ? ನಿಧಾನಕ್ಕೆ ಮಾಡಿದರಾಯ್ತಲ್ಲ.

ಕೆಲವು ಯಂತ್ರಗಳು ಕಾಯುವುದಿಲ್ಲ. ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡ್‌ನಲ್ಲಿ ಪ್ರೋಗ್ರಾಂ ಗೂಢಲಿಪಿಯಲ್ಲಿದೆ. ಅದನ್ನು ಬಿಡಿಸುವ ಕೀಲಿ ಇರುವುದು ಬ್ಯಾಟರಿಯ ಬಲದಲ್ಲಿ ಬದುಕಿರುವ ಮೆಮೊರಿಯಲ್ಲಿ. ಬ್ಯಾಟರಿ ಸತ್ತರೆ ಕೀಲಿ ಹೋಯ್ತು, ಗೇಮ್ ಏಳುವುದಿಲ್ಲ. ಸಂಗ್ರಹಕಾರರು ಇದನ್ನು ಆತ್ಮಹತ್ಯೆ ಬ್ಯಾಟರಿ ಅಂತಲೇ ಕರೆಯುತ್ತಾರೆ. ಹವ್ಯಾಸಿಗಳು ವರ್ಷಗಟ್ಟಲೆ ಕೂತು ಆ ಗೂಢಲಿಪಿ ಒಡೆದದ್ದರಿಂದ ಈಗ ಸತ್ತ ಬೋರ್ಡ್‌ಗೂ ಜೀವ ಬರಿಸಬಹುದು. ಆದರೆ ಬ್ಯಾಟರಿ ಸೋರಿ ತಾಮ್ರದ ಗೆರೆ ತಿಂದಿದ್ದರೆ ಯಾವ ಕೀಲಿಯೂ ಕೆಲಸಕ್ಕೆ ಬರಲ್ಲ. ಬಿಡಿ ಯಂತ್ರದ ಕೋಷ್ಟಕದಲ್ಲಿ ಬ್ಯಾಟರಿ ಬದಲಿಸಿದ ದಿನಾಂಕಕ್ಕೆ ಒಂದು ಕಾಲಂ ಇಡಿ. ತುಂಬಾ ಹಳೇದಾದವು ಪರದೆಯ ಮೇಲೆ ಕೆಂಪಾಗಿ ಕಾಣಲಿ.

ನಮ್ಮ ಕಡೆಯ ವಿಡಿಯೋ ಗೇಮ್ ಅಂಗಡಿಗಳಿಗೆ ಇದರಲ್ಲಿ ಜಾಗ ಇದೆಯಾ?

ಇರಲೇಬೇಕು, ಅದಕ್ಕೆ ವಿನ್ಯಾಸದಲ್ಲೇ ತಯಾರಿ ಬೇಕು. ತೊಂಬತ್ತರ ದಶಕದಲ್ಲಿ ಬೆಳೆದವರನ್ನು ಕೇಳಿ, "ಮುಸ್ತಫಾ ಗೇಮ್" ಅನ್ನುತ್ತಾರೆ. ಅದು 1993ರ ಕ್ಯಾಪ್‌ಕಾಮ್ ಗೇಮ್, ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಅದರ ನಾಲ್ವರು ನಾಯಕರಲ್ಲಿ ಹಳದಿ ಟೋಪಿಯ ಒಬ್ಬನ ಹೆಸರು ಮುಸ್ತಫಾ. ಭಾರತದ ಉದ್ದಗಲಕ್ಕೂ ಗೇಮ್‌ಗೆ ಅವನ ಹೆಸರೇ ನಿಂತಿತು. ಹುಡುಕು ಪೆಟ್ಟಿಗೆಯಲ್ಲಿ ಮುಸ್ತಫಾ ಅಂತ ಟೈಪ್ ಮಾಡಿದವರಿಗೆ "ಏನೂ ಸಿಗಲಿಲ್ಲ" ಅಂತ ಬಂದರೆ, ಆ ಡೇಟಾಬೇಸ್ ನಮ್ಮವರ ಪಾಲಿಗೆ ಮುಚ್ಚಿದ ಬಾಗಿಲು. ಹೆಸರುಗಳಿಗೆ ಬೇರೆ ಕೋಷ್ಟಕ ಮಾಡಿ. ಯಾವ ಊರಲ್ಲಿ, ಯಾವ ಕಾಲದಲ್ಲಿ ಹಾಗೆ ಕರೆಯುತ್ತಿದ್ದರು ಅಂತಲೂ ಸೇರಿಸಿ.

ಇಲ್ಲಿ ಇನ್ನೊಂದು ಸಂಗತಿ. 1985ರಲ್ಲಿ ಜಪಾನಿನ ತಯಾರಕರು ಜಾಮಾ ಅನ್ನೋ 56 ಪಿನ್‌ಗಳ ಕನೆಕ್ಟರ್ ಪದ್ಧತಿ ತಂದರು. ಆಮೇಲೆ ಆ ಪದ್ಧತಿಯ ಬೋರ್ಡನ್ನು ಆ ಪದ್ಧತಿಯ ಬೇರೆ ಬೇರೆ ಪೆಟ್ಟಿಗೆಗಳಿಗೆ ಹಾಕಬಹುದಾಯಿತು. ಹಾಗಾಗಿ ಅಂಗಡಿಯ ಒಂದೇ ಪೆಟ್ಟಿಗೆಯಲ್ಲಿ ಈ ವರ್ಷ ಒಂದು ಗೇಮ್, ಮುಂದಿನ ವರ್ಷ ಇನ್ನೊಂದು. ಬೋರ್ಡ್‌ಗಳಲ್ಲಿ ಎಷ್ಟೋ ಅಕ್ರಮ ನಕಲುಗಳು. ನಕಲು ಅಂತ ಮೂಗು ಮುರಿಯಬೇಡಿ, ಜನ ಆಡಿದ್ದು ಅದನ್ನೇ. ನೆನಪು ದಾಖಲಿಸುವಾಗ ಗೇಮ್ ಹೆಸರಿಗಿಂತ ಮೊದಲು ಅಂಗಡಿ ಎಲ್ಲಿತ್ತು, ಒಂದು ಆಟಕ್ಕೆ ಎಷ್ಟು ಕಾಸು, ನಾಣ್ಯವೋ ಟೋಕನ್ನೋ, ಹೊತ್ತಿಗೆ ಇಷ್ಟು ಅಂತ ಕೊಡಬೇಕಿತ್ತೋ ಅಂತ ಕೇಳಿ. ಗೇಮ್ ಯಾವುದು ಅಂತ ಆಮೇಲೆ ಸ್ಕ್ರೀನ್‌ಶಾಟ್ ತೋರಿಸಿ ಪತ್ತೆ ಹಚ್ಚಬಹುದು. ಅಂಗಡಿಯವರ ಹೆಸರು, ಫೋನ್ ನಂಬರ್ ಅವರ ಒಪ್ಪಿಗೆ ಇಲ್ಲದೆ ಹಾಕಬೇಡಿ.

ಕನ್ನಡದಲ್ಲಿ ಹುಡುಕಾಟ ಸರಿಯಾಗಿ ಬರುತ್ತಾ?

ತಾನಾಗಿ ಬರಲ್ಲ. "ಪ್ಯಾಕ್‌ಮ್ಯಾನ್" ಅಂತ ಬರೆದಾಗ ಕ್ ಮತ್ತು ಮ್ಯಾ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಒತ್ತಕ್ಷರ ಆಗದಂತೆ ತಡೆಯಲು. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಜಾಗ ಬಿಡುತ್ತಾರೆ, ಮತ್ತೊಬ್ಬರು ಎರಡೂ ಇಲ್ಲದೆ "ಪ್ಯಾಕ್ಮ್ಯಾನ್" ಅಂತ ಬಿಡುತ್ತಾರೆ. ಕಂಪ್ಯೂಟರ್‌ಗೆ ಇವು ಮೂರು ಬೇರೆ ಪದ. ಹುಡುಕಾಟದ ಸೂಚಿ ಕಟ್ಟುವಾಗ ಆ ಅದೃಶ್ಯ ಅಕ್ಷರವನ್ನೂ ಖಾಲಿ ಜಾಗವನ್ನೂ ತೆಗೆದುಹಾಕಿ, ಹುಡುಕುವವರು ಟೈಪ್ ಮಾಡಿದ್ದಕ್ಕೂ ಹಾಗೇ ಮಾಡಿ. ಅರ್ಧ ತಲೆನೋವು ಕಡಿಮೆ.

ಕಣ್ಣು ಕಾಣದವರಿಗೆ, ಬೆಳಕು ಮಿಂಚಿದರೆ ತೊಂದರೆ ಆಗುವವರಿಗೆ?

ಪ್ರತಿ ನಕ್ಷೆಗೂ ಪಕ್ಕದಲ್ಲಿ ಸಾದಾ ಪಟ್ಟಿ ಕೊಡಿ, ಪ್ರತಿ ಚಿತ್ರಕ್ಕೂ ವಿವರಣೆ ಬರೆಯಿರಿ. ಹಳೇ ಗೇಮ್‌ಗಳಲ್ಲಿ ಸ್ಫೋಟದ ಮಿಂಚು ಜಾಸ್ತಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚುವ ವಿಡಿಯೋ ತಾನಾಗಿ ಓಡಬಾರದು, ಮೊದಲು ಎಚ್ಚರಿಕೆ ಬರಲಿ.

ಯಾವ ಸಾಫ್ಟ್‌ವೇರ್ ಬಳಸಲಿ?

ಒಬ್ಬರೇ ಮಾಡುವುದಾದರೆ ಎಸ್‌ಕ್ಯೂಲೈಟ್. ಹಲವರು ಒಟ್ಟಿಗೆ ಬರೆಯುವುದಾದರೆ ಪೋಸ್ಟ್‌ಗ್ರೆಸ್. ಪ್ರತಿ ಕೃತಿಗೂ ವಿಕಿಪೀಡಿಯಾ ಬಳಗದ ಮುಕ್ತ ಡೇಟಾಬೇಸ್ ಆದ ವಿಕಿಡೇಟಾದ ಗುರುತಿನ ಸಂಖ್ಯೆ ಸೇರಿಸಿ. ಇಷ್ಟರ ಬಗ್ಗೆ ಜಗಳ ಆಡುವ ಹೊತ್ತಿನಲ್ಲಿ ಹತ್ತು ಬೋರ್ಡ್‌ನ ಫೋಟೋ ತೆಗೆಯಬಹುದು.

ಎಲ್ಲಿಂದ ಶುರು ಮಾಡಲಿ?

ಒಂದು ಯಂತ್ರದಿಂದ. ನಿಮಗೆ ಮುಟ್ಟಲು ಸಿಗುವ ಒಂದೇ ಯಂತ್ರ ಹಿಡಿದು ಎಲ್ಲ ಕೋಷ್ಟಕವನ್ನೂ ತುಂಬಿ. ಬೋರ್ಡ್‌ನ ಫೋಟೋ, ಪೆಟ್ಟಿಗೆಯ ಅಳತೆ, ಆವೃತ್ತಿ, ಹೇಳಿಕೆಗಳು, ಪದರ ಬಿಚ್ಚುವ ಚಿತ್ರ, ಎಲ್ಲ. ಕೋಷ್ಟಕದಲ್ಲಿ ಏನು ತಪ್ಪಿದೆ ಅಂತ ಆ ಒಂದೇ ಯಂತ್ರ ಹೇಳಿಕೊಡುತ್ತದೆ. ಆಮೇಲೆ ಬೇಕಂತಲೇ ಮೊದಲನೆಯದಕ್ಕೆ ಹೋಲದ ಯಂತ್ರ ಆರಿಸಿ. 1983ರ ಡ್ರ್ಯಾಗನ್ಸ್ ಲೇರ್ ಥರದ್ದು, ಗೇಮ್‌ನ ಚಿತ್ರವೆಲ್ಲ ಲೇಸರ್‌ಡಿಸ್ಕ್ ಎಂಬ ವಿಡಿಯೋ ತಟ್ಟೆಯಲ್ಲಿರುವಂಥದ್ದು.

ಸೈಟ್ ನಡೆಸುವವರು ನಾಳೆ ಕೈಬಿಟ್ಟರೆ ಎಲ್ಲ ಹೋಯ್ತಲ್ಲ?

ಹೀಗೆ ಹೋದ ಸೈಟ್‌ಗಳು ಬೇಕಾದಷ್ಟಿವೆ. ತಿಂಗಳಿಗೊಮ್ಮೆ ಪೂರ್ತಿ ಡೇಟಾವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಎಸ್‌ಕ್ಯೂಲೈಟ್ ಮತ್ತು ಸಿಎಸ್‌ವಿ (ಸಾದಾ ಪಠ್ಯದ ಕೋಷ್ಟಕ) ಎರಡರಲ್ಲೂ ಬಿಡಿ. ಮೂಲ ಸ್ಕ್ಯಾನ್‌ಗಳ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಲಿ. ನಿಮ್ಮದೇ ಬರಹ, ಫೋಟೋಗಳಿಗೆ ಮುಕ್ತ ಪರವಾನಗಿ ಹಾಕಿ, ಆಗ ಇನ್ನೊಬ್ಬರು ಮುಂದುವರಿಸಬಹುದು. ಡೊಮೈನ್ ಮತ್ತು ಪಾಸ್‌ವರ್ಡ್ ಮಾತ್ರ ಒಬ್ಬರ ಕೈಯಲ್ಲೇ ಇಡಬೇಡಿ.